ದಡಕ್ಕೆ ಬಂದ ಮೀನುಮನೆ ಮರಳಿ ಕೆರೆಗೆ

ಆರ್ವಿಡ್ ನಿಸ್ಟುವೆನ್ ಕೆಟ್ಟದ್ದು ಎರಡು ಸಲ ‘ಆಗಲಿ’ ಅಂದದ್ದರಿಂದ. ಅದನ್ನೂ ಅವನು ಯೋಚನೆ ಮಾಡಿ ಅನ್ನಲಿಲ್ಲ. ಕಾಫಿ ಅಂಗಡಿಯ ಕಿಟಕಿಯಾಚೆ ಸೂರಿನಿಂದ ಕರಗಿದ ಮಂಜು ತೊಟ್ಟಿಕ್ಕುತ್ತಿತ್ತು. ಅದನ್ನೇ ನೋಡುತ್ತ, ಬೇರೆ ಯಾವುದೋ ಲೋಕದಲ್ಲಿದ್ದುಕೊಂಡು, ಅಂದುಬಿಟ್ಟ.

ನಮ್ಮ ಟೋರ್ಸ್‌ಬಿಯಲ್ಲಿ ಯಾರಾದರೂ ಏನಾದರೂ ಕೊಡುತ್ತೇನೆ ಅಂದರೆ ಎರಡು ಸಲ ಬೇಡ ಅನ್ನಬೇಕು. ಅಜ್ಜ ಮುತ್ತಜ್ಜಂದಿರು ನಾರ್ವೆಯಿಂದ ಈ ದೇಶಕ್ಕೆ ಹಡಗು ಹತ್ತುವಾಗ ಪೆಟ್ಟಿಗೆಯ ತಳದಲ್ಲಿಟ್ಟು ತಂದ ಪದ್ಧತಿ ಅದು. ಮೊದಲನೆಯ ಸಲ ಕೇಳುವುದು ಬಾಯುಪಚಾರಕ್ಕೆ. ಎರಡನೆಯ ಸಲ ಮರ್ಯಾದೆಗೆ. ಮೂರನೆಯ ಸಲವೂ ಕೇಳಿದರೆ ಆ ಮನುಷ್ಯನಿಗೆ ಕೊಡುವ ಮನಸ್ಸು ನಿಜವಾಗಿಯೂ ಇದೆ ಅಂತ ಲೆಕ್ಕ. ಆಗ ‘ಹಾಗಿದ್ರೆ ಅರ್ಧ ಲೋಟ ಹಾಕು’ ಅನ್ನಬಹುದು. ಕಾಫಿಗೂ ಇದೇ, ಕಡಾ ಕೊಡುವ ಏಣಿಗೂ ಇದೇ, ಹೆಣ್ಣು ಕೊಡುವಾಗಲೂ ಸುಮಾರು ಇದೇ.

ಇಷ್ಟೆಲ್ಲ ಆರ್ವಿಡನಿಗೆ ಗೊತ್ತಿರಲಿಲ್ಲವೆಂದಲ್ಲ. ಆದರೆ ಅವನು ಹುಟ್ಟಾ ಕನಸುಗಾರ. ಮೂವತ್ತು ವರ್ಷ ಶಾಲೆಯ ಬಸ್ಸು ಓಡಿಸಿದ. ತಿರುವು ಬಂದಾಗಲೆಲ್ಲ ಹಿಂದಿನಿಂದ ಮಕ್ಕಳೇ ಕೂಗಿ ಹೇಳುತ್ತಿದ್ದರು. ಈಗ ನಿವೃತ್ತನಾಗಿ ಚಳಿಗಾಲವಿಡೀ ಕೆರೆಯ ಮೇಲಿನ ತನ್ನ ಮೀನುಮನೆಯಲ್ಲಿ ಕೂತಿರುತ್ತಿದ್ದ.

ಮೀನುಮನೆ ಅಂದರೆ ಹೆಪ್ಪುಗಟ್ಟಿದ ಕೆರೆಯ ಮೇಲೆ ಇಡುವ, ಚಕ್ರವುಳ್ಳ ಪುಟ್ಟ ಕೋಣೆ. ನೆಲದಲ್ಲೊಂದು ತೂತು, ಅದರ ಕೆಳಗೆ ಮಂಜುಗಡ್ಡೆಯಲ್ಲೊಂದು ತೂತು, ಅದರೊಳಗೆ ಗಾಳ. ಆರ್ವಿಡ್ ಅದನ್ನು ಓಕ್ ಹಲಗೆಯಿಂದ ತಾನೇ ಕಟ್ಟಿದ್ದ. ಒಳಗೆ ಕಬ್ಬಿಣದ ಒಲೆ, ಒಂದು ಆರಾಮ ಕುರ್ಚಿ. ತೂತಿನಿಂದ ಹಸಿರು ಬೆಳಕು ಮೇಲೆದ್ದು ಚಾವಣಿಯ ಮೇಲೆ ಅಲುಗಾಡುತ್ತಿತ್ತು. ಅವನು ಗಾಳಕ್ಕೆ ಎರೆ ಸಿಕ್ಕಿಸುವುದನ್ನೂ ಮರೆತು ಆ ಬೆಳಕನ್ನು ನೋಡುತ್ತ ಕೂರುತ್ತಿದ್ದ. ಮೀನುಗಳಿಗೂ ಅಭ್ಯಾಸವಾಗಿ ತೂತಿನ ಬಳಿ ಬಂದು ಅವನನ್ನು ನೋಡಿಕೊಂಡು ಹೋಗುತ್ತಿದ್ದವು.

ಮಾರ್ಚ್ ತಿಂಗಳಲ್ಲಿ, ಗಡ್ಡೆ ಕರಗುವ ಮುಂಚೆ, ಒಂದು ಗಡುವು ಬರುತ್ತದೆ. ಆ ದಿನ ಸೂರ್ಯ ಮುಳುಗುವುದರೊಳಗೆ ಎಲ್ಲರ ಮನೆಗಳೂ ಕೆರೆಯಿಂದ ಈಚೆ ಬರಬೇಕು. ಹಿಂದಿನ ವರ್ಷ ಆರ್ವಿಡ್ ಆ ದಿನವನ್ನೇ ಮರೆತು, ಕೌಂಟಿ ಸರಕಾರದವರು ಎಳೆದು ತಂದು ಹಾಕಿ, ಊರೆಲ್ಲ ನಕ್ಕಿತ್ತು. ಆಗ ಹೆಂಡತಿ ಮಾರ್ಲಿಸ್ ಮೆಲುದನಿಯಲ್ಲಿ ಹೇಳಿದ್ದಳು: “ಇನ್ನೊಂದು ಸಲ ಹೀಗಾದ್ರೆ ಮೀನುಮನೆ ಸಾಕು, ಆರ್ವಿಡ್. ಚಳಿಗಾಲದಲ್ಲಿ ನಮ್ಮನೇಲೇ ಕೂತ್ಕೋ. ಅಕ್ಕಂದಿರ ಇಸ್ಪೀಟಿಗೆ ನಾಲ್ಕನೇ ಕೈ ಇಲ್ಲ.”

ಅವಳಿಗೆ ಇಬ್ಬರು ಅಕ್ಕಂದಿರು. ವಾರಕ್ಕೆ ಮೂರು ಸಂಜೆ ಇಸ್ಪೀಟು ಆಡುತ್ತಾರೆ, ಎಲೆ ಹಾಕಲು ತಡವಾದರೆ ಮೇಜಿನಡಿಯಲ್ಲಿ ಕಾಲಿಗೆ ಒದೆಯುತ್ತಾರೆ. ಆರ್ವಿಡನಿಗೆ ಹಸಿರು ಬೆಳಕಿನ ಬದಲು ಅದು ಕಣ್ಣಮುಂದೆ ಬಂದಿತ್ತು.

ಈ ವರ್ಷ ಗಡುವಿಗೆ ಒಂದು ದಿನ ಮುಂಚೆ ಅವನ ಹಳೆಯ ಪಿಕಪ್ಪಿನ ಚಾಸಿ ತುಕ್ಕು ಹಿಡಿದು ಬಿಸ್ಕತ್ತಿನಂತೆ ಎರಡಾಯಿತು. ವರ್ನಾಳ ಕಾಫಿ ಅಂಗಡಿಗೆ ಹೋಗಿ ಕೂತವನು, ಯಾರನ್ನೂ ಉದ್ದೇಶಿಸದೆ, ಗಾಳಿಗೆ ಕೇಳಿದ ಹಾಗೆ ಕೇಳಿದ: “ಭಾರ ಎಳೆಯೋಕೆ ಪೆಟ್ರೋಲ್ ಪಿಕಪ್ ತಗೊಳ್ಳೋದೋ, ಡೀಸೆಲ್‌ದೋ?”

ಆ ಅಂಗಡಿಯಲ್ಲಿ ಕೇಳಬಾರದ ಪ್ರಶ್ನೆ ಅದೊಂದೇ. ಅಲ್ಲಿ ಕಿಟಕಿ ಪಕ್ಕದ ಮೇಜು ಡೀಸೆಲ್ಲಿನವರದು, ಒಲೆಯ ಪಕ್ಕದ ಮೇಜು ಪೆಟ್ರೋಲಿನವರದು. ಅಣ್ಣ ಒಂದು ಮೇಜು, ತಮ್ಮ ಒಂದು ಮೇಜು ಆದ ಮನೆಗಳಿವೆ.

“ಡೀಸೆಲ್ ಅಂದ್ರೆ ಎತ್ತು ಕಣೋ,” ಅಂದ ಡೆಲ್ಮರ್. ಅವನು ಬೀಟ್‌ಗೆಡ್ಡೆ ಬೆಳೆಯುವವನು, ಮಾತಾಡಿದರೆ ಲೋಟ ಅದುರುತ್ತದೆ. “ಅವಸರ ಇಲ್ಲ, ಉಸಿರು ಕಟ್ಟೋದಿಲ್ಲ. ಹಿಂದೆ ಚರ್ಚ್ ಕಟ್ಟಿದ್ರೆ ಚರ್ಚನ್ನೂ ಎಳ್ಕೊಂಡು ಹೋಗುತ್ತೆ, ಒಳಗಿರೋರ ಪ್ರಾರ್ಥನೆ ನಿಲ್ಲೋದಿಲ್ಲ.”

“ಎಳೆಯುತ್ತೆ, ಎಳೆಯುತ್ತೆ. ಏಪ್ರಿಲ್ ಬಂದ ಮೇಲೆ,” ಅಂದ ಲೋವೆಲ್, ಒಲೆಯ ಕಡೆಯಿಂದ. ಅವನದು ಮುಖ್ಯ ಬೀದಿಯಲ್ಲಿ ಕಬ್ಬಿಣದ ಸಾಮಾನಿನ ಅಂಗಡಿ. ಮೆತ್ತಗೆ ಮಾತಾಡುತ್ತಾನೆ, ಆದರೆ ಮೊಳೆ ಹೊಡೆದ ಹಾಗೆ. “ಜನವರೀಲಿ ಅದರ ಹೊಟ್ಟೇಲಿ ಎಣ್ಣೆ ಹೋಗಿ ಬೆಣ್ಣೆ ಆಗಿರುತ್ತೆ. ರಾತ್ರಿಯೆಲ್ಲ ಕರೆಂಟ್ ಕೊಟ್ಟು ಬೆಚ್ಚಗೆ ಮಲಗಿಸ್ಬೇಕು, ಬಾಣಂತಿ ಥರ. ಪೆಟ್ರೋಲ್‌ದು ನೋಡು, ಕೀಲಿ ತಿರುಗ್ಸು, ಹೊರಡು.”

“ಹೊರಡು, ಹೊರಟು ಮುಂದಿನ ಪಂಪಲ್ಲಿ ನಿಲ್ಲು! ಭಾರ ಕಟ್ಟಿದ್ರೆ ಕುಡಿಯೋದು ಹೇಗೆ ಅಂತ ಅದನ್ನ ನೋಡಿ ಕಲೀಬೇಕು. ಏರು ಬಂದ್ರೆ ಕಿರುಚುತ್ತೆ.”

“ನಮ್ಮೂರಲ್ಲಿ ಏರು ಎಲ್ಲಿದೆಯಪ್ಪ, ಚರ್ಚಿನ ಮೆಟ್ಟಿಲು ಬಿಟ್ರೆ?”

ಎರಡೂ ಮೇಜು ನಕ್ಕವು. ಡೆಲ್ಮರನಿಗೆ ಬಿಸಿ ಏರಿತು. “ಆರ್ವಿಡ್, ನೀನು ಮಾತು ಕೇಳ್ಬೇಡ. ನನ್ನ ಗಾಡಿಯಲ್ಲೇ ನಾಳೆ ನಿನ್ನ ಮನೆ ಎಳೆದು ನೋಡು. ಮೆಚ್ಚಿದ್ರೆ ನೀನೇ ಇಟ್ಕೋ, ಮಾರಿಬಿಡ್ತೀನಿ!”

ಇದು ಮೊದಲನೆಯ ಸಲ. ಬಾಯುಪಚಾರ. ಸೂರಿನ ಹನಿ ನೋಡುತ್ತಿದ್ದ ಆರ್ವಿಡ್ ಅಂದ: “ಆಗಲಿ.”

ವರ್ನಾ ಕಾಫಿ ಬಗ್ಗಿಸುತ್ತಿದ್ದವಳು ಲೋಟ ತುಂಬಿ ತಟ್ಟೆ ತುಂಬಿದರೂ ಬಗ್ಗಿಸುತ್ತಲೇ ಇದ್ದಳು. ಡೆಲ್ಮರ್ ಟೋಪಿ ತೆಗೆದು ಮತ್ತೆ ಹಾಕಿಕೊಂಡ. ಈಗ ಪೆಟ್ರೋಲಿನ ಮೇಜಿನ ಮರ್ಯಾದೆ ಉಳಿಯಬೇಕಲ್ಲ. ಲೋವೆಲ್ ಗಂಟಲು ಸರಿಮಾಡಿಕೊಂಡ. “ಹಾಗಿದ್ರೆ ನಾಳೆ ಮಧ್ಯಾಹ್ನ ಮೂರು ಗಂಟೆಗೆ ನಂದನ್ನೂ ತರ್ತೀನಿ. ಅದರಲ್ಲೂ ಎಳೆದು ನೋಡು. ಮೆಚ್ಚಿದ್ರೆ ನನ್ನದೂ… ಮಾರೋದೇ.”

“ಆಗಲಿ,” ಅಂದ ಆರ್ವಿಡ್.

ಒಂದು ಮನೆಯನ್ನು ಕೆರೆಯಿಂದ ಎರಡು ಸಲ ಈಚೆ ತರುವುದು ಹೇಗೆ ಅಂತ ಅವನಿಗಾಗಲಿ ಬೇರೆ ಯಾರಿಗಾಗಲಿ ಹೊಳೆಯಲಿಲ್ಲ.

ಸಂಜೆ ಡೆಲ್ಮರ್ ತನ್ನ ಪಿಕಪ್ಪನ್ನು ತಂದು ಆರ್ವಿಡನ ಅಂಗಳದಲ್ಲಿ ನಿಲ್ಲಿಸಿದ. ಅದರ ಮೂತಿಯಿಂದ ಕೊಟ್ಟಿಗೆಯ ಗೋಡೆಗೆ ಆರ್ವಿಡನ ಐವತ್ತಡಿಯ ಕಿತ್ತಳೆ ಬಣ್ಣದ ವೈರು ಎಳೆದು, ಇಂಜಿನ್ನಿಗೆ ರಾತ್ರಿಯ ಬಿಸಿ ಕೊಟ್ಟ. ಬಾನೆಟ್ಟಿನ ಮೇಲೆ ಕೈಯಿಟ್ಟು ಸುಮಾರು ಹೊತ್ತು ನಿಂತಿದ್ದು, ನಡೆದುಕೊಂಡೇ ಮನೆಗೆ ಹೋದ.

ಬೆಳಗಾದಾಗ ಇಬ್ಬನಿ ಕವಿದಿತ್ತು. ಊರೆಂಬ ಊರೇ ಹಾಲಿನಲ್ಲಿ ಅದ್ದಿಟ್ಟಂತೆ. ಆರ್ವಿಡ್ ಪಿಕಪ್ ಹತ್ತಿ, ಕೀಲಿ ತಿರುಗಿಸಿ, ಆ ಗಡಗಡ ಸದ್ದಿನಲ್ಲಿ ಯಾವುದೋ ಹಡಗಿನಲ್ಲಿ ಕೂತಂತೆನಿಸಿ, ಹೊರಟೇಬಿಟ್ಟ. ಗೋಡೆಯಲ್ಲಿ ಪಟ್ ಎಂದು ಒಂದು ಸದ್ದಾಯಿತು. ವೈರು ಕಿತ್ತುಕೊಂಡು ಗಾಡಿಯ ಅಡಿಯಲ್ಲಿ ಹಾವಿನಂತೆ ಹಿಂಬಾಲಿಸಿತು. ಚಳಿ ಸೀಮೆಯಲ್ಲಿ ಡೀಸೆಲ್ ಇಟ್ಟವರೆಲ್ಲ ಜೀವಮಾನದಲ್ಲಿ ಒಂದು ಸಲ ಮಾಡುವ ತಪ್ಪು ಅದು. ಆರ್ವಿಡ್ ಮೊದಲ ದಿನವೇ ಮಾಡಿ ಮುಗಿಸಿದ.

ಕೆರೆಯ ಗಡ್ಡೆ ರಾತ್ರಿಯ ಚಳಿಗೆ ಮತ್ತೆ ಬಿಗಿದಿತ್ತು. ಅವನು ಮೀನುಮನೆಯ ಹಿಡಿಕೆ ತಿರುಗಿಸಿ ಅದನ್ನು ಚಕ್ರದ ಮೇಲೆ ಎತ್ತಿದ, ಕೊಂಡಿ ಹಾಕಿದ, ಎಳೆದ. ಡೆಲ್ಮರ್ ಹೇಳಿದ್ದು ಸುಳ್ಳಲ್ಲ. ಓಕ್ ಮರ, ಕಬ್ಬಿಣದ ಒಲೆ, ಆರಾಮ ಕುರ್ಚಿ ಎಲ್ಲವೂ ಹಿಂದೆ ಇದ್ದದ್ದೇ ಗೊತ್ತಾಗಲಿಲ್ಲ. ಇಬ್ಬನಿಯ ಮುಖ್ಯ ಬೀದಿಯಲ್ಲಿ ಮನೆ ತೇಲಿಕೊಂಡು ಬಂದ ಹಾಗೆ ಬಂತು. ಹತ್ತೂಕಾಲಿಗೆಲ್ಲ ಅಂಗಳದಲ್ಲಿತ್ತು.

ಮಾರ್ಲಿಸ್ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. ಮನೆಯನ್ನು ಸುತ್ತು ಹಾಕಿ ನೋಡಿದಳು. “ಪರವಾಗಿಲ್ಲ,” ಅಂದಳು. ನಮ್ಮಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. “ಗೋಡೆಯ ವೈರು ಎಲ್ಲಿ?”

ಆರ್ವಿಡ್ ಗಾಡಿಯ ಮೂತಿ ನೋಡಿದ. ಗೇಣುದ್ದದ ಪ್ಲಗ್ಗು ನೇತಾಡುತ್ತಿತ್ತು, ವೈರಿರಲಿಲ್ಲ. “ಎಲ್ಲೋ ಇರ್ಬೇಕು,” ಅಂದ. ಒಳಗೆ ಹೋಗಿ ಕೂತ. ಆಗ ನೆನಪಾಯಿತು. “ಅಯ್ಯೋ, ಮೂರು ಗಂಟೆಗೆ ಲೋವೆಲ್ ಬರ್ತಾನೆ.”

“ಯಾಕೆ?”

“ಮೀನುಮನೆ ಎಳೆಯೋಕೆ.”

“ಫೋನ್ ಮಾಡಿ ಆಯ್ತು ಅನ್ನು.”

“ಹೇಗನ್ನಲಿ? ಗಾಡಿ ತೊಳೆದಿಟ್ಟಿರ್ತಾನೆ. ಡೆಲ್ಮರನದಲ್ಲಿ ಎಳೆದು, ಅವನದನ್ನ ಮುಟ್ಟೂ ನೋಡ್ಲಿಲ್ಲ ಅಂದ್ರೆ ಆ ಮನುಷ್ಯನಿಗೆ ಹೇಗಾಗಬೇಡ?”

“ಆರ್ವಿಡ್. ಫೋನ್.”

ಫೋನ್ ಹಚ್ಚಿದ. ಆ ಕಡೆ ಲೋವೆಲ್ ಮೊದಲ ರಿಂಗಿಗೇ ಎತ್ತಿಕೊಂಡ, ಪಕ್ಕದಲ್ಲೇ ಕಾದು ಕೂತವನಂತೆ.

“ಹೇಳು ಆರ್ವಿಡ್. ಏನಾದ್ರೂ ಬದಲಾಯ್ತಾ? ಬದಲಾದ್ರೆ ಹೇಳು, ನಾನೇನೂ ಅಂದ್ಕೊಳ್ಳಲ್ಲ.”

ಎಂಥ ದೊಡ್ಡ ಮನಸ್ಸು ಅನ್ನಿಸಿತು ಆರ್ವಿಡನಿಗೆ. “ಛೆ ಛೆ, ಏನೂ ಬದಲಾಗಿಲ್ಲ. ಮೂರು ಗಂಟೆಗೆ ಬಾ. ಮನೆ ಕೆರೆ ಮೇಲೇ ಇದೆ.”

“ಕೆರೆ ಮೇಲೇ… ಇದೆಯಾ?”

“ಇದೆ.”

“ಓ. ಸರಿ ಹಾಗಾದ್ರೆ.”

ಆರ್ವಿಡ್ ಫೋನ್ ಇಟ್ಟ. ಅವನು ಮೂರ್ಖನಿರಬಹುದು, ಸುಳ್ಳುಗಾರನಲ್ಲ. ಅರವತ್ತೆಂಟು ವರ್ಷದಲ್ಲಿ ಸುಳ್ಳು ಹೇಳಿದವನಲ್ಲ. ಹಾಗಾಗಿ ಹೇಳಿದ ಮಾತನ್ನು ನಿಜ ಮಾಡಲು ಎದ್ದ. ಮೀನುಮನೆಗೆ ಮತ್ತೆ ಕೊಂಡಿ ಹಾಕಿದ. ಮಾರ್ಲಿಸ್ ಅಡುಗೆಮನೆಯ ಕಿಟಕಿಯಿಂದ ನೋಡಿದಳು. ಒಮ್ಮೆ ಕಣ್ಣು ಮುಚ್ಚಿದಳು. ಕಡುಬು ಬೇಯುತ್ತಿದೆಯೋ ಅಂತ ನೋಡಲು ಒಳಗೆ ತಿರುಗಿದಳು.

ಲೋವೆಲನ ಅಂಗಡಿ ಮುಖ್ಯ ಬೀದಿಯಲ್ಲಿರುವುದರಿಂದ ಆರ್ವಿಡ್ ಸ್ಮಶಾನದ ಹಿಂದಿನ ದಾರಿ ಹಿಡಿದ. ಇಬ್ಬನಿ ಕರಗಿ ಬಿಸಿಲು ಬಿದ್ದಿತ್ತು. ಎದುರಿನಿಂದ ಊರಿನ ಕೊನೆಕೊನೆಯ ಮೀನುಮನೆಗಳೆಲ್ಲ ಈಚೆ ಬರುತ್ತಿದ್ದವು. ಎಳೆಯುವವರೆಲ್ಲ ಗಾಡಿ ನಿಧಾನಿಸಿ, ಸ್ಟಿಯರಿಂಗಿನಿಂದ ಒಂದು ಬೆರಳೆತ್ತಿ ನಮಸ್ಕರಿಸಿ, ಮುಂದೆ ಹೋಗಿ, ಕನ್ನಡಿಯಲ್ಲಿ ಮತ್ತೊಮ್ಮೆ ನೋಡುತ್ತಿದ್ದರು. ಅಂಗಡಿ ಮುಚ್ಚಿ ಮನೆಗೆ ಬಂದ ವರ್ನಾ ಬೇಲಿಯ ಮೇಲೆ ಜಮಖಾನ ಕೊಡವುತ್ತಿದ್ದಳು.

“ಏ ಆರ್ವಿಡ್! ಎಲ್ರೂ ಈಚೆ ತರ್ತಿದಾರೆ, ನೀನು ಆಚೆ ಒಯ್ತಿದೀಯಲ್ಲೋ!”

“ಹೂಂ ವರ್ನಾ.”

“ಬೆಳಿಗ್ಗೆ ತಾನೆ ತಂದೆ. ಏನಾದ್ರೂ ಮರೆತು ಬಂದ್ಯಾ ಅಲ್ಲಿ?”

ಆರ್ವಿಡ್ ಯೋಚಿಸಿದ. “ಮನೇನ ಅಲ್ಲಿ ಬಿಟ್ಟುಬರೋದು ಮರೆತಿದ್ದೆ,” ಅಂದ.

ವರ್ನಾ ಜಮಖಾನ ಕೆಳಗಿಟ್ಟಳು. “ಅಂದ್ರೆ ಡೀಸೆಲ್ಲೇ ಗಟ್ಟಿ ಮಾಡಿದೆ ಅನ್ನು. ಹೋಗೋಕೂ ಬರೋಕೂ ಸುಸ್ತೇ ಇಲ್ಲ.”

ದಡದ ಗಡ್ಡೆ ಬಿಸಿಲಿಗೆ ಬೂದಿಯ ಬಣ್ಣಕ್ಕೆ ತಿರುಗಿತ್ತು. ಚಕ್ರದಡಿ ಕುರುಕುರು ಅಂದಿತು. ಆರ್ವಿಡನಿಗೂ ಅಷ್ಟು ಬುದ್ಧಿಯಿತ್ತು. ದೂರ ಹೋಗದೆ, ದಡದಿಂದ ಹತ್ತಡಿ ಒಳಗೆ, ಹಳ್ಳ ಬಂದು ಸೇರುವ ಮೂಲೆಯಲ್ಲಿ ಮನೆಯನ್ನು ಇಳಿಸಿದ. ನೋಡಿದವರಿಗೆ ಜನ ಇರುವ ಮನೆ ಅನ್ನಿಸಲಿ ಎಂದು ಒಲೆಗೆ ಎರಡು ಕೊರಡು ಹಾಕಿ ಬೆಂಕಿ ಹಚ್ಚಿದ. ಕುರ್ಚಿಯಲ್ಲಿ ಒಂದೇ ನಿಮಿಷ ಅಂತ ಕೂತ. ತಳದಿಂದ ನೀರಿನ ಸದ್ದು, ಯಾರೋ ಗುಟ್ಟು ಹೇಳಿದ ಹಾಗೆ. ಎದ್ದಾಗ ಎರಡೂಮುಕ್ಕಾಲು.

ಡೆಲ್ಮರನ ಪಿಕಪ್ಪನ್ನು ಲೋವೆಲ್ ನೋಡಬಾರದು. ಎರೆ ಮಾರುವ ಅಂಗಡಿಯ ಹಿಂದೆ ನಿಲ್ಲಿಸಿ, ಮೇಲೊಂದು ತಾಡಪಾಲು ಹೊದಿಸಿ, ಆರ್ವಿಡ್ ಮನೆಗೆ ಓಡಿದ. ಓಡಿದ ಅಂದರೆ ಅವನ ವಯಸ್ಸಿಗೆ ಓಟ.

ಲೋವೆಲ್ ಆಗಲೇ ಬಂದು ಅಡುಗೆಮನೆಯಲ್ಲಿ ಕೂತಿದ್ದ. ಬಂದವನಿಗೆ ಕಾಫಿ ಕೊಡದೆ ಕೆಲಸಕ್ಕೆ ಹಚ್ಚುವುದು ನಮ್ಮಲ್ಲಿಲ್ಲ. ಕಾಫಿ ಎರಡು ಸಲ ಬೇಡವಾಗಿ ಮೂರನೆಯ ಸಲ ಬಂತು. ಖರ್ಜೂರದ ಬಿಲ್ಲೆ ಎರಡು ಸಲ ಬೇಡವಾಗಿ ಬಂತು. ಆಲೂಗಡ್ಡೆಯ ಕಡುಬು ಹಾಗೇ ಬಂತು. ಲೋವೆಲ್ ಅವಸರವೇ ಇಲ್ಲದೆ ತಿಂದ. ನಡುನಡುವೆ ಕಿಟಕಿಯಿಂದ ಅಂಗಳದ ಕೆಸರಿನಲ್ಲಿದ್ದ ಚಕ್ರದ ಗುರುತು ನೋಡುತ್ತಿದ್ದ.

“ನೀನು ದಣಿದ ಹಾಗಿದೆ ಆರ್ವಿಡ್. ಇವತ್ತು ಬೇಡ ಅಂದ್ರೆ ಬೇಡ.”

“ಏನೂ ದಣಿವಿಲ್ಲ. ನಿನ್ನ ಗಾಡೀನೇ ಕಣ್ಣಲ್ಲಿ ಕಟ್ಟಿದೆ.”

“ಓ,” ಅಂದ ಲೋವೆಲ್, ಇನ್ನೊಂದು ಬಿಲ್ಲೆ ತೆಗೆದುಕೊಂಡ, ಈ ಸಲ ಯಾರೂ ಕೇಳದೆಯೇ.

ಆಮೇಲೆ ಹೊರಡುವ ಮಾತು. ನಮ್ಮಲ್ಲಿ ‘ಬರ್ತೀನಿ’ ಅಂದವನು ಕುರ್ಚಿಯಿಂದ ಬಾಗಿಲಿಗೆ, ಬಾಗಿಲಿಂದ ಮೆಟ್ಟಿಲಿಗೆ, ಮೆಟ್ಟಿಲಿಂದ ಗಾಡಿಗೆ ಬರುವಷ್ಟರಲ್ಲಿ ಇನ್ನೊಂದು ಹಬ್ಬ ಬಂದಿರುತ್ತದೆ. ಮಾರ್ಲಿಸಳ ಮಂಡಿನೋವು, ಲೋವೆಲನ ತಮ್ಮನ ಹಂದಿಗಳು, ಹೋದ ವರ್ಷದ ಗಾಳಿ, ಎಲ್ಲ ಆಯಿತು. ಬಿಸಿಲು ಮಾತ್ರ ಯಾರ ಮಾತೂ ಕೇಳದೆ ತನ್ನ ಕೆಲಸ ಮಾಡುತ್ತಿತ್ತು. ಮಾರ್ಲಿಸ್ ಥರ್ಮಾಸಿಗೆ ಕಾಫಿ ಹುಯ್ದುಕೊಂಡು ತಾನೂ ಗಾಡಿ ಹತ್ತಿದಳು. “ನಾನೂ ನೋಡ್ಬೇಕು,” ಅಂದಳು. ಅದನ್ನು ಅವಳು ಅಂದ ರೀತಿ ಆರ್ವಿಡನಿಗೆ ಸರಿಬರಲಿಲ್ಲ.

ಪೆಟ್ರೋಲ್ ಪಿಕಪ್ಪು ಸದ್ದೇ ಇಲ್ಲದೆ, ಬೆಣ್ಣೆಯ ಮೇಲೆ ಚಾಕು ಸರಿದಂತೆ ಸರಿಯಿತು. ಇದೂ ಎಷ್ಟು ಚೆನ್ನ, ಅಂದುಕೊಂಡ ಆರ್ವಿಡ್. ಅವನ ಮನಸ್ಸಿನಲ್ಲಿ ಎತ್ತೂ ಕುದುರೆಯೂ ಒಂದೇ ಹುಲ್ಲುಗಾವಲಿನಲ್ಲಿ ಮೇಯುತ್ತಿದ್ದವು. ಯಾವುದನ್ನು ಆರಿಸಲಿ? ಆರಿಸಿದರೆ ಇನ್ನೊಂದಕ್ಕೆ ನೋವಾಗದೆ?

ಕೆರೆಯ ದಡದಲ್ಲಿ ಡೆಲ್ಮರ್ ನಿಂತಿದ್ದ. “ಆರ್ವಿಡ್,” ಅಂದ, ಅವನ ದನಿಗೆ ಲೋಟ ಅಲ್ಲ, ಎಲೆಯೂ ಅದುರುವಂತಿರಲಿಲ್ಲ. “ನನ್ನ ಗಾಡಿ ಎರೆ ಅಂಗಡಿ ಹಿಂದೆ ಇದೆ. ಮೈಮೇಲೆ ಹೊದಿಕೆ ಹಾಕಿದೀಯ. ಸತ್ತುಹೋಯ್ತೇನೋ?”

ಆರ್ವಿಡ್ ಕೆರೆ ನೋಡುತ್ತಿದ್ದ.

ತೆಂಕಣ ಗಾಳಿ ಎದ್ದಿತ್ತು. ಹಳ್ಳದ ಮೂಲೆಯ ಗಡ್ಡೆ ದಡ ಬಿಟ್ಟು, ಒಂದು ಹೊಲದಷ್ಟು ಅಗಲದ ತುಂಡು, ಬಿರುಕಿನ ನೀಲಿ ನೀರಿನಲ್ಲಿ ಮೆಲ್ಲಗೆ ಹೊರಟಿತ್ತು. ಅದರ ಈಚಿನ ಅಂಚಿನಲ್ಲಿ ಮೀನುಮನೆ, ಕೊಳವೆಯಿಂದ ಹೊಗೆ, ಕಿಟಕಿಯಲ್ಲಿ ಒಲೆಯ ಕೆಂಪು. ಯಾರೋ ಕಾಫಿಗಿಟ್ಟು ಪ್ರಯಾಣ ಹೊರಟಂತೆ ಅದು ಹೋಗುತ್ತಿತ್ತು. ನೋಡಲು ತುಂಬ ಸೊಗಸಾಗಿತ್ತು. ನಾಲ್ವರೂ ಒಂದು ಗಳಿಗೆ ನಿಂತು ನೋಡಿದರು.

ಲೋವೆಲ್ ತನ್ನ ಗಾಡಿಯ ಸೀಟಿನ ಹಿಂದೆ ಕೈಹಾಕಿ ಒಂದು ಕಿತ್ತಳೆ ಸುರುಳಿ ತೆಗೆದ. “ಇದು ನಿನ್ನದಿರ್ಬೇಕು.”

“ನನ್ನ ವೈರು! ಎಲ್ಲಿ ಸಿಕ್ತು?”

“ನನ್ನ ಅಂಗಡಿ ಮುಂದೆ. ಬೆಳಿಗ್ಗೆ ಹತ್ತು ಗಂಟೆಗೆ. ಮುಂದೆ ಡೆಲ್ಮರನ ಪಿಕಪ್ಪು, ಹಿಂದೆ ನಿನ್ನ ಮೀನುಮನೆ, ಅದರ ಹಿಂದೆ ಬಾಲ ಇದು. ಮೆರವಣಿಗೆ ಇದ್ದ ಹಾಗಿತ್ತು.”

ಆರ್ವಿಡ್ ಸುರುಳಿಯನ್ನು ಕೈಗೆ ತೆಗೆದುಕೊಂಡ. “ಅಂದ್ರೆ… ಮನೆ ಆಗಲೇ ಬಂದಿದ್ದು ನಿನಗೆ ಗೊತ್ತಿತ್ತು?”

“ಗೊತ್ತಿತ್ತು. ಬಚಾವಾದೆ ಅಂದ್ಕೊಂಡೆ, ಆರ್ವಿಡ್. ನಾನು ಈ ಗಾಡಿ ಯಾರಿಗೂ ಮಾರೋನಲ್ಲ. ನಿನ್ನೆ ಮಾತಿಗೆ ಮಾತು ಬಂತು, ಅಂದೆ. ನೀನು ಬೇಡ ಅನ್ನಬೇಕಿತ್ತು. ಆಮೇಲೆ ಫೋನ್ ಮಾಡಿ ಕೆರೆ ಮೇಲೇ ಇದೆ ಅಂದೆಯಲ್ಲ. ಅಷ್ಟು ಆಸೆ ಇಟ್ಕೊಂಡಿದಾನೆ, ಹೇಗೆ ಇಲ್ಲ ಅನ್ನೋದು ಅಂತ ಬಂದೆ.”

“ನಾನು ನಿನಗೆ ಬೇಜಾರಾಗಬಾರದು ಅಂತ ವಾಪಸ್ ಒಯ್ದೆ!”

“ನಾನೂ ರಾತ್ರಿ ಕಣ್ಣು ಮುಚ್ಚಿಲ್ಲ,” ಅಂದ ಡೆಲ್ಮರ್. “ಒಂದೇ ಒಂದು ಸಲ ಬೇಡ ಅಂದಿದ್ರೆ ಸಾಕಿತ್ತಲ್ಲೋ ಮಾರಾಯ.”

ಮೂವರೂ ಕೆರೆಯ ಕಡೆ ತಿರುಗಿದರು. ಮನೆ ಅರವತ್ತಡಿ ದೂರ ಹೋಗಿತ್ತು. ಆರ್ವಿಡನ ಕೈಯಲ್ಲಿ ಐವತ್ತಡಿಯ ವೈರು.

ಲೋವೆಲ್ ಟೋಪಿ ಸರಿಮಾಡಿಕೊಂಡ. “ನನ್ನ ದೋಣಿ ಇದೆ. ತಂದು ಹಗ್ಗ ಹಾಕಿ ಎಳೀಬಹುದು. ತರ್ಲಾ?”

“ನನ್ನದೂ ಇದೆ,” ಅಂದ ಡೆಲ್ಮರ್. “ಅದಕ್ಕಿಂತ ದೊಡ್ಡದು.”

ಆರ್ವಿಡನ ಎದೆ ಹಗುರಾಯಿತು. ಹಸಿರು ಬೆಳಕು, ಕುರ್ಚಿ, ಚಳಿಗಾಲಗಳು, ಎಲ್ಲ ಒಂದು ದೋಣಿಯ ದೂರದಲ್ಲಿದ್ದವು. ಆದರೆ ಈ ಸಲ ಅವನು ಎಚ್ಚರವಾಗಿದ್ದ. ಜೀವಮಾನದಲ್ಲೇ ಮೊದಲ ಸಲ ಪೂರಾ ಎಚ್ಚರವಾಗಿದ್ದ. ಅಜ್ಜ ಕಲಿಸಿದ ಹಾಗೆ, ಅಚ್ಚುಕಟ್ಟಾಗಿ, ಕೈ ಅಡ್ಡ ಆಡಿಸಿದ.

“ಛೆ, ಬೇಡಪ್ಪ. ನಿಮಗ್ಯಾಕೆ ತೊಂದರೆ.”

ಎರಡನೆಯ ಸಲಕ್ಕಾಗಿ ಕಾದ.

ಲೋವೆಲ್ ಡೆಲ್ಮರನ ಮುಖ ನೋಡಿದ. ಡೆಲ್ಮರ್ ಲೋವೆಲನ ಮುಖ ನೋಡಿದ. ಇಪ್ಪತ್ತು ವರ್ಷದಲ್ಲಿ ಪೆಟ್ರೋಲೂ ಡೀಸೆಲ್ಲೂ ಒಂದು ಮಾತಿಗೆ ಒಪ್ಪಿದ್ದು ಅವತ್ತೇ.

“ಸರಿ ಹಾಗಾದ್ರೆ,” ಅಂದರು ಇಬ್ಬರೂ. ಒಬ್ಬ ತನ್ನ ಗಾಡಿ ಹತ್ತಿದ, ಇನ್ನೊಬ್ಬ ಎರೆ ಅಂಗಡಿಯ ಹಿಂದಕ್ಕೆ ಹೆಚ್ಚುಕಮ್ಮಿ ಓಡಿದ. ಹೊರಡುವ ಮಾತು ಒಂದು ಗಂಟೆ ಹಿಡಿಯುವ ಊರಿನಲ್ಲಿ ಅರ್ಧ ನಿಮಿಷದೊಳಗೆ ದಡ ಖಾಲಿಯಾಯಿತು.

ಸೂರ್ಯ ಮರಗಳ ಹಿಂದಕ್ಕೆ ಇಳಿಯುತ್ತಿದ್ದ. ಮೀನುಮನೆ ಬಂಗಾರದ ನೀರಿನಲ್ಲಿ ಪೆಟ್ಟಿಗೆಯಷ್ಟಾಗಿ, ಆಮೇಲೆ ಬೆಂಕಿಪೊಟ್ಟಣದಷ್ಟಾಗಿ ಕಾಣಿಸಿತು. ಹೊಗೆ ಮಾತ್ರ ಇನ್ನೂ ಏಳುತ್ತಿತ್ತು.

“ಬುಧವಾರ ಏಳು ಗಂಟೆಗೆ,” ಅಂದಳು ಮಾರ್ಲಿಸ್. “ದಪ್ಪ ಕಾಲುಚೀಲ ಹಾಕ್ಕೋ. ದೊಡ್ಡಕ್ಕ ಜೋರಾಗಿ ಒದೀತಾಳೆ.”

ಆರ್ವಿಡ್ ವೈರಿನ ಸುರುಳಿ ಹಿಡಿದು ತಲೆಯಾಡಿಸಿದ. ಗಾಳಿ ತಣ್ಣಗಾಗಿತ್ತು, ಕೈ ಮರಗಟ್ಟಿತ್ತು. ಮಾರ್ಲಿಸ್ ಥರ್ಮಾಸಿನ ಮುಚ್ಚಳ ತಿರುಗಿಸಿದಳು. ಬಿಸಿ ಕಾಫಿಯ ವಾಸನೆ ಬಂತು.

“ಕಾಫಿ ಬೇಕಾ?”

“ಬೇಡ,” ಅಂದ ಆರ್ವಿಡ್, ಮರ್ಯಾದೆಗೆ.

ಅವಳು ಮುಚ್ಚಳ ಹಾಕಿದಳು.